ಹೈಡ್ರೋಜನ್ ಬಂಧ ದುರ್ಬಲ ಅಂತ ಕಲಿಸಿದ್ದು ಸಾಕು

ಪಿಯುಸಿ ಸೈನ್ಸ್ ಮುಗಿಸಿದ ಯಾರನ್ನಾದರೂ ನಿಲ್ಲಿಸಿ, ಹೈಡ್ರೋಜನ್ ಬಂಧ ಅಂದ್ರೆ ಏನು ಅಂತ ಕೇಳಿ ನೋಡಿ. ಉತ್ತರ ಬಾಯಿಪಾಠ ಬರುತ್ತೆ: ಫ್ಲೋರಿನ್, ಆಕ್ಸಿಜನ್, ನೈಟ್ರೋಜನ್ ಇವುಗಳ ಜೊತೆ ಹೈಡ್ರೋಜನ್ ಮಾಡಿಕೊಳ್ಳುವ ದುರ್ಬಲ ಬಂಧ, ಚುಕ್ಕಿ ಗೆರೆಯಲ್ಲಿ ತೋರಿಸಬೇಕು, ನೀರು 100 ಡಿಗ್ರಿಯಲ್ಲಿ ಕುದಿಯೋದಕ್ಕೆ ಇದೇ ಕಾರಣ. ಇಷ್ಟು ಬರೆದರೆ ಮಾರ್ಕ್ಸ್ ಗ್ಯಾರಂಟಿ. ಆಮೇಲೆ ಇಂಜಿನಿಯರಿಂಗಿಗೆ ಬಂದು ಮೊದಲ ವರ್ಷದ ಕೆಮಿಸ್ಟ್ರಿ ಮುಗಿಸುತ್ತೇವೆ, ಮುಂದೆ ಇಂಜಿನಿಯರುಗಳಿಗಾಗಿ ಬಯಾಲಜಿ ಅಂತ ಒಂದು ಪೇಪರು ಓದುತ್ತೇವೆ. ಅದರಲ್ಲಿ ಪ್ರೋಟೀನ್, ಕಿಣ್ವ ಎಲ್ಲ ಬರುತ್ತವೆ. ಆದರೆ ಆ 'ದುರ್ಬಲ' ಅನ್ನೋ ಪದ ಮಾತ್ರ ತಲೆಯಲ್ಲಿ ಹಾಗೇ ಕೂತಿರುತ್ತೆ.

ಈ ಪದ ಅರ್ಧ ಸತ್ಯ ಅನ್ನೋದು ನಮ್ಮ ವಾದ. ನಮ್ಮ ಕನ್ನಡ ಸಂಘದಲ್ಲಿ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರೇ ಹೆಚ್ಚು. ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವರು ನಾವು. ಹೈಡ್ರೋಜನ್ ಬಂಧಗಳಲ್ಲೇ ಅತ್ಯಂತ ಬಲವಾದದ್ದು ಇದೇ ಫ್ಲೋರೈಡಿನ ಸಂಸಾರದಲ್ಲಿದೆ ಅನ್ನೋದನ್ನ ಮಾತ್ರ ಯಾವ ಕ್ಲಾಸೂ ನಮಗೆ ಒತ್ತಿ ಹೇಳಲಿಲ್ಲ. ಬಲವಾದ ಬಂಧ ಅಂದ್ರೆ ಏನು, ಅದು ಎಲ್ಲಿ ಬಲವಾಗುತ್ತೆ, ಎಲ್ಲಿ ಆಗೋದಿಲ್ಲ ಅಂತ ತಿಳಿಯದೇ ಇರೋದ್ರಿಂದ ನಮ್ಮೂರಿನ ನೀರಿನ ಬಗ್ಗೆಯೂ ಸರಿಯಾಗಿ ಮಾತಾಡೋಕೆ ಆಗ್ತಿಲ್ಲ. ಅದಕ್ಕೇ ಈ ಬರಹ.

ಎಷ್ಟು ಬಲ ಅಂದ್ರೆ ಬಲ?

ಮೊದಲು ಲೆಕ್ಕ ನೋಡೋಣ. ನೀರಿನ ಒಂದು ಅಣುವಿನೊಳಗೆ ಆಕ್ಸಿಜನ್ನು ಹೈಡ್ರೋಜನ್ನು ಸೇರಿರುವ ಸಹವೇಲೆನ್ಸೀಯ ಬಂಧವನ್ನು ಮುರಿಯೋಕೆ ಮೋಲಿಗೆ ಸುಮಾರು 460 ಕಿಲೋಜೂಲ್ ಬೇಕು. ಎರಡು ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಕಿಲೋಜೂಲ್ ಸಾಕು. ದ್ರವರೂಪದ ನೀರಿನಲ್ಲಿ ಅದರ ಆಯಸ್ಸು ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗದಲ್ಲಿ ಒಂದೋ ಎರಡೋ ಪಾಲು. ಇದನ್ನು ದುರ್ಬಲ ಅಂದರೆ ಯಾರೂ ಜಗಳಕ್ಕೆ ಬರೋದಿಲ್ಲ.

ಈಗ ಇನ್ನೊಂದು ತುದಿಗೆ ಬನ್ನಿ. ಒಂದು ಫ್ಲೋರೈಡ್ ಅಯಾನು ಒಂದು ಹೈಡ್ರೋಜನ್ ಫ್ಲೋರೈಡ್ ಅಣುವಿನ ಜೊತೆ ಸೇರಿದರೆ ಬೈಫ್ಲೋರೈಡ್ ಆಗುತ್ತೆ. ಗಾಜಿನ ಮೇಲೆ ಚಿತ್ರ ಕೊರೆಯೋಕೆ ಬಳಸೋ ಅಮೋನಿಯಂ ಬೈಫ್ಲೋರೈಡಿನಲ್ಲಿ ಇರೋದು ಇದೇ. ಇಲ್ಲಿನ ಹೈಡ್ರೋಜನ್ ಬಂಧ ಮುರಿಯೋಕೆ 160 ಕಿಲೋಜೂಲಿನ ಆಸುಪಾಸು ಬೇಕು. ನೀರಿನದಕ್ಕಿಂತ ಎಂಟು ಪಟ್ಟು! ಎರಡು ಫ್ಲೋರಿನ್‌ಗಳ ನಡುವಿನ ದೂರ ಸುಮಾರು 2.3 ಆಂಗ್‌ಸ್ಟ್ರಾಮ್, ಹೈಡ್ರೋಜನ್ ಸರಿಯಾಗಿ ಮಧ್ಯದಲ್ಲಿ ನಿಂತಿರುತ್ತೆ. ಇದರಲ್ಲಿ ಕೊಟ್ಟವರು ಯಾರು, ತಗೊಂಡವರು ಯಾರು ಅಂತ ಹೇಳೋಕಾಗಲ್ಲ. ಯಾವ ಕಡೆ ಗಟ್ಟಿ ಗೆರೆ ಹಾಕೋದು, ಯಾವ ಕಡೆ ಚುಕ್ಕಿ ಗೆರೆ ಹಾಕೋದು? ಎರಡೂ ಅರ್ಧರ್ಧ ಬಂಧಗಳೇ.

ಈ ಎರಡು ತುದಿಗಳ ನಡುವೆ ಮೆಟ್ಟಿಲುಗಳಿವೆ. ನೀರಿನಲ್ಲಿ ಎರಡು ಆಕ್ಸಿಜನ್‌ಗಳ ನಡುವಿನ ದೂರ ಸುಮಾರು 2.8 ಆಂಗ್‌ಸ್ಟ್ರಾಮ್. ಅದು 2.5ರ ಹತ್ತಿರಕ್ಕೆ ಕುಗ್ಗಿದರೆ ಬಂಧದ ಸ್ವಭಾವವೇ ಬೇರೆಯಾಗುತ್ತೆ. ಮಾಮೂಲಿ ಬಂಧದಲ್ಲಿ ಹೈಡ್ರೋಜನ್ ಒಂದು ಮನೆಯಲ್ಲಿ ವಾಸ ಮಾಡುತ್ತಾ ಪಕ್ಕದ ಮನೆಯ ಕಡೆ ನೋಡುತ್ತಿರುತ್ತೆ, ಮಧ್ಯೆ ಎತ್ತರದ ಗೋಡೆ. ಎರಡು ಮನೆ ಹತ್ತಿರ ಬಂದ ಹಾಗೆ ಗೋಡೆ ತಗ್ಗುತ್ತೆ. ಕೊನೆಗೆ ಗೋಡೆ ಇದ್ದೂ ಇಲ್ಲದ ಹಾಗಾಗಿ, ಹೈಡ್ರೋಜನ್ ಎರಡೂ ಮನೆಯಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತೆ. ಇದಕ್ಕೆ ತಗ್ಗು ತಡೆಯ ಹೈಡ್ರೋಜನ್ ಬಂಧ ಅನ್ನಬಹುದು.

ಇದನ್ನು ನಮ್ಮ ಲ್ಯಾಬಿನಲ್ಲೇ ಅಂದಾಜು ಮಾಡಬಹುದು, ಪಿಎಚ್ ಮೀಟರ್ ಒಂದಿದ್ದರೆ ಆಯ್ತು. ಮೆಲೇಯಿಕ್ ಆಮ್ಲ, ಫ್ಯೂಮರಿಕ್ ಆಮ್ಲ ಎರಡಕ್ಕೂ ಅಣುಸೂತ್ರ ಒಂದೇ. ಮೆಲೇಯಿಕ್‌ನಲ್ಲಿ ಎರಡು ಆಮ್ಲದ ಕೈಗಳು ಒಂದೇ ಕಡೆ, ಫ್ಯೂಮರಿಕ್‌ನಲ್ಲಿ ಒಂದು ಆ ಕಡೆ, ಒಂದು ಈ ಕಡೆ. ಮೆಲೇಯಿಕ್ ಆಮ್ಲದ ಪಿಕೆಎ ಸುಮಾರು 1.9 ಮತ್ತು 6.2, ಫ್ಯೂಮರಿಕ್‌ದು ಸುಮಾರು 3.0 ಮತ್ತು 4.4. ಮೆಲೇಯಿಕ್ ಮೊದಲ ಪ್ರೋಟಾನನ್ನು ಬೇಗ ಬಿಟ್ಟುಕೊಟ್ಟು, ಎರಡನೆಯದನ್ನು ಬಿಡೋಕೆ ಒಪ್ಪೋದಿಲ್ಲ. ಯಾಕಂದ್ರೆ ಉಳಿದ ಆ ಒಂದು ಪ್ರೋಟಾನನ್ನು ಎರಡೂ ಕೈಗಳು ಸೇರಿ ಹಿಡಿದುಕೊಂಡಿರುತ್ತವೆ. ಕೈಗಳ ಮೇಲಿನ ವಿದ್ಯುದಾವೇಶದ ಪಾಲೂ ಇದರಲ್ಲಿದೆ ನಿಜ, ಆದರೆ ಈ ಹಿಡಿತವನ್ನು ಬಿಟ್ಟು ಕಥೆ ಪೂರ್ತಿ ಆಗೋದಿಲ್ಲ. ಇನ್ನೂ ಸೋಜಿಗ ಅಂದ್ರೆ, ಪೊಟ್ಯಾಸಿಯಂ ಹೈಡ್ರೋಜನ್ ಮೆಲಿಯೇಟಿನ ಹರಳಿನಲ್ಲಿ ಆ ಹೈಡ್ರೋಜನ್ ನಟ್ಟನಡುವೆ ಇರುತ್ತೆ, ಅದೇ ಅಯಾನು ನೀರಿನಲ್ಲಿ ಕರಗಿದಾಗ ಒಂದು ಕಡೆಗೆ ವಾಲುತ್ತೆ ಅಂತ ಅಮೆರಿಕದ ಚಾರ್ಲ್ಸ್ ಪೆರಿನ್ ಎನ್‌ಎಂಆರ್ ಮೂಲಕ ತೋರಿಸಿದರು. ಅಣು ಅದೇ, ಬಂಧ ಅದೇ. ಬದಲಾಗಿದ್ದು ಸುತ್ತಲಿನ ಜಾಗ. ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೆಂಗಳೂರಿನಲ್ಲಿ ಬದಲಾಯ್ತು, ದುರ್ಗಕ್ಕೆ ಬರಲಿಲ್ಲ

ಹೈಡ್ರೋಜನ್ ಬಂಧದ ವ್ಯಾಖ್ಯಾನವನ್ನೇ 2011ರಲ್ಲಿ ಹೊಸದಾಗಿ ಬರೆಯಲಾಯಿತು. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪ್ಯಾಕ್ ಅದಕ್ಕಾಗಿ ಒಂದು ತಂಡ ಮಾಡಿತ್ತು. ಅದರ ಮುಖ್ಯಸ್ಥರಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಇ. ಅರುಣನ್. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಕೂಡ ತಂಡದಲ್ಲಿದ್ದರು, ಒಟ್ಟು 14 ವಿಜ್ಞಾನಿಗಳು. ಹೊಸ ವ್ಯಾಖ್ಯಾನದಲ್ಲಿ ಫ್ಲೋರಿನ್, ಆಕ್ಸಿಜನ್, ನೈಟ್ರೋಜನ್ ಅಂತ ಮೂರೇ ಹೆಸರಿಗೆ ಕಟ್ಟು ಹಾಕಿಲ್ಲ. ಹೈಡ್ರೋಜನ್‌ಗಿಂತ ಹೆಚ್ಚು ಎಲೆಕ್ಟ್ರಾನ್ ಎಳೆಯುವ ಪರಮಾಣುವಿಗೆ ಅಂಟಿದ ಹೈಡ್ರೋಜನ್, ಇನ್ನೊಂದು ಪರಮಾಣುವಿನ ಅಥವಾ ಗುಂಪಿನ ಕಡೆ ಆಕರ್ಷಿತವಾಗಿ, ಬಂಧ ಆಗಿದೆ ಅನ್ನೋದಕ್ಕೆ ಪುರಾವೆ ಇದ್ದರೆ ಅದು ಹೈಡ್ರೋಜನ್ ಬಂಧ. ಇಷ್ಟೇ ಕಿಲೋಜೂಲ್ ಇರಬೇಕು ಅನ್ನೋ ಗಡಿ ಇಲ್ಲ. ಗಟ್ಟಿ ಇರಲಿ, ಸಡಿಲ ಇರಲಿ, ಪುರಾವೆ ಇರಬೇಕು.

ಇದು ನಡೆದದ್ದು ದುರ್ಗದಿಂದ ಸುಮಾರು 200 ಕಿಲೋಮೀಟರ್ ದೂರದ ಒಂದು ಕ್ಯಾಂಪಸ್ಸಿನವರ ಮುಂದಾಳತ್ವದಲ್ಲಿ. ಅದೇ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತೆ. ಇಷ್ಟೆಲ್ಲ ಇದ್ದೂ ನಾವು ಓದಿದ ಪಠ್ಯದಲ್ಲಿ ಹಳೇ ಮೂರು ಹೆಸರಿನ ವ್ಯಾಖ್ಯಾನವೇ ಇತ್ತು, ಗೈಡಿನಲ್ಲಂತೂ ಬಿಡಿ. ಹಳೇದು ಪೂರ್ತಿ ಸುಳ್ಳು ಅಂತ ನಾವು ಹೇಳ್ತಿಲ್ಲ. ಶುರು ಮಾಡೋಕೆ ಅದು ಸಾಕು. ಆದರೆ ಅಲ್ಲೇ ನಿಲ್ಲಿಸಿದರೆ ಪ್ರೋಟೀನೂ ಅರ್ಥ ಆಗೋದಿಲ್ಲ, ಕಿಣ್ವವೂ ಅರ್ಥ ಆಗೋದಿಲ್ಲ.

ಕಂಬಳಿಯ ಎಳೆಯಲ್ಲಿ, ರೇಷ್ಮೆಯ ಎಳೆಯಲ್ಲಿ

ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಸರ ಸುಮ್ಮನೆ ಜೋತಾಡಿದರೆ ಅದರಿಂದ ಕೆಲಸ ಆಗಲ್ಲ, ಅದು ಒಂದು ಆಕಾರಕ್ಕೆ ಮಡಚಿಕೊಳ್ಳಬೇಕು. ಸರದುದ್ದಕ್ಕೂ ಇರುವ ನೈಟ್ರೋಜನ್ ಮೇಲಿನ ಹೈಡ್ರೋಜನ್‌ಗಳು ಹತ್ತಿರದ ಆಕ್ಸಿಜನ್‌ಗಳ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತವೆ. ಸುರುಳಿಯಾಗಿ ಸುತ್ತಿಕೊಂಡರೆ ಆಲ್ಫಾ ಹೆಲಿಕ್ಸ್, ಪಕ್ಕಪಕ್ಕ ಹಾಸಿಕೊಂಡರೆ ಬೀಟಾ ಹಾಳೆ. ಲೈನಸ್ ಪಾಲಿಂಗ್ ಮತ್ತು ಜೊತೆಗಾರರು 1951ರಲ್ಲಿ ಎರಡನ್ನೂ ವಿವರಿಸಿದರು.

ನಮ್ಮ ಜಿಲ್ಲೆಯಲ್ಲಿ ಇವೆರಡನ್ನೂ ಕೈಯಲ್ಲಿ ಮುಟ್ಟಿ ನೋಡಬಹುದು. ಚಳ್ಳಕೆರೆಯ ಕಂಬಳಿಯ ಉಣ್ಣೆ ಆಲ್ಫಾ ಹೆಲಿಕ್ಸ್‌ನ ಪ್ರೋಟೀನ್. ಒದ್ದೆಯಾದಾಗ ಉಣ್ಣೆ ಎಳೆದರೆ ಹಿಗ್ಗುತ್ತೆ, ಯಾಕಂದ್ರೆ ನೀರು ಒಳಗೆ ನುಗ್ಗಿ ಸುರುಳಿಯ ಹೈಡ್ರೋಜನ್ ಬಂಧಗಳ ಜಾಗದಲ್ಲಿ ತಾನು ಕೈ ಹಾಕುತ್ತೆ. ನೇಯೋ ಮುಂಚೆ ನೂಲಿಗೆ ಹುಣಸೆ ಬೀಜದ ಸರಿ ಹಚ್ಚೋದಿದೆಯಲ್ಲ, ಆ ಸರಿ ಎಳೆಗೆ ಹಿಡಿದುಕೊಳ್ಳೋದರಲ್ಲೂ ಇದೇ ಬಂಧಗಳ ಪಾತ್ರ ಇದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಎಳೆ ಬೀಟಾ ಹಾಳೆಗಳ ಕಟ್ಟು. ಅಲ್ಲಿ ಒಂದೊಂದು ಬಂಧವೂ ಮಾಮೂಲಿ ಬಲದ್ದೇ, ಆದರೆ ಲಕ್ಷಾಂತರ ಬಂಧ ಒಟ್ಟಿಗೆ ಸಾಲು ಹಿಡಿದು ನಿಂತಾಗ ಎಳೆ ಹರಿಯೋದು ಕಷ್ಟ. ಹನಿ ಹನಿ ಸೇರಿದರೆ ಹಳ್ಳ.

ಮೂಳೆ, ಚರ್ಮದಲ್ಲಿರುವ ಕೊಲಾಜೆನ್ ಪ್ರೋಟೀನಿನದೂ ಇಂಥದೇ ಕಥೆ. ಅದರ ಮೂರೆಳೆ ಹುರಿಯ ರಚನೆಯನ್ನು 1950ರ ದಶಕದಲ್ಲಿ ಮದ್ರಾಸಿನಲ್ಲಿ ಕಂಡುಹಿಡಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಮೂರು ಅಮೈನೋ ಆಮ್ಲಕ್ಕೆ ಹೈಡ್ರೋಜನ್ ಬಂಧ ಎರಡೋ ಒಂದೋ ಅನ್ನೋ ವಿಷಯದಲ್ಲಿ ಅವರಿಗೂ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಇವರಿಗೂ ಭಿನ್ನಾಭಿಪ್ರಾಯ ಇತ್ತು. ನೇರವಾದ ಬಂಧ ಒಂದೇ ಅನ್ನೋದು ಆಮೇಲೆ ನಿಂತ ಅಭಿಪ್ರಾಯ. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಒಂದು ಬಂಧವೋ ಎರಡೋ ಅಂತ ಜಗತ್ತಿನ ಘಟಾನುಘಟಿಗಳು ವಾದಕ್ಕಿಳಿದ ವಿಷಯವನ್ನು ನಾವು ಎರಡು ಮಾರ್ಕ್ಸಿನ ಪ್ರಶ್ನೆ ಮಾಡಿ ಮುಗಿಸಿಬಿಟ್ಟಿದ್ದೇವೆ.

ಕಿಣ್ವದ ಕಿಂಡಿ

ಪ್ರೋಟೀನಿನ ಮೈಯನ್ನು ಹಿಡಿದಿಡೋದು ಸಾವಿರಾರು ಮಾಮೂಲಿ ಬಂಧಗಳ ಕೆಲಸ. ಕಿಣ್ವದ ಕೆಲಸದ ಜಾಗಕ್ಕೆ ಬಂದರೆ ಲೆಕ್ಕ ಬೇರೆ. ಕಿಣ್ವ ಅಂದ್ರೆ ದೇಹದ ಒಳಗಿನ ಕ್ರಿಯೆಗಳನ್ನು ವೇಗ ಮಾಡುವ ಪ್ರೋಟೀನ್. ಅದರ ಇಡೀ ಮೈಯಲ್ಲಿ ಕ್ರಿಯೆ ನಡೆಯೋದು ಒಂದು ಸಣ್ಣ ಸಂದಿಯಲ್ಲಿ. ಕೋಟೆಯಲ್ಲಿ ಎಷ್ಟೋ ಬುರುಜು, ಬತೇರಿ ಇದ್ದರೂ ಓಬವ್ವನ ಒನಕೆ ಕೆಲಸ ಮಾಡಿದ್ದು ಒಬ್ಬೊಬ್ಬರೇ ತೂರಿ ಬರಬೇಕಾದ ಆ ಕಿಂಡಿಯ ಬಾಯಲ್ಲಿ. ಬಯಲಲ್ಲಿ ಆಗಿದ್ದರೆ ಅದೇ ಒನಕೆಗೆ ಆ ಬಲ ಇರ್ತಿತ್ತಾ? ಕಿಣ್ವದ ಸಂದಿಯೂ ಹಾಗೇ. ಒಳಗೆ ಬಿಡಿ ನೀರಿನ ಗಲಾಟೆ ಕಡಿಮೆ, ಯಾವ ಪರಮಾಣು ಎಲ್ಲಿ ನಿಲ್ಲಬೇಕು ಅಂತ ಮೊದಲೇ ನಿಗದಿಯಾಗಿರುತ್ತೆ.

ಒಂದು ಉದಾಹರಣೆ ಕೈಮೋಟ್ರಿಪ್ಸಿನ್, ನಾವು ತಿಂದ ಬೇಳೆಯ ಪ್ರೋಟೀನನ್ನು ಕರುಳಲ್ಲಿ ತುಂಡು ಮಾಡುವ ಕಿಣ್ವ. ಅದರ ಸಂದಿಯಲ್ಲಿ ಮೂರು ಅಮೈನೋ ಆಮ್ಲ ಸಾಲಾಗಿ ಕೈ ಹಿಡಿದು ನಿಂತಿವೆ: 102ನೇ ಜಾಗದ ಆಸ್ಪಾರ್ಟೇಟ್, 57ನೇ ಜಾಗದ ಹಿಸ್ಟಿಡಿನ್, 195ನೇ ಜಾಗದ ಸೆರಿನ್. ಮೊದಲ ಎರಡರ ನಡುವಿನ ಹೈಡ್ರೋಜನ್ ಎನ್‌ಎಂಆರ್‌ನಲ್ಲಿ ಸುಮಾರು 18 ಪಿಪಿಎಂ ಹತ್ತಿರ ಕಾಣುತ್ತೆ, ಮಾಮೂಲಿ ಹೈಡ್ರೋಜನ್‌ಗಳಿಂದ ಬಹಳ ದೂರ. ಇದು ಬಲವಾದ ಹೈಡ್ರೋಜನ್ ಬಂಧದ ಗುರುತು ಅಂತ ಒಂದು ಪಂಗಡ ಹೇಳಿತು. 1994ರಲ್ಲಿ ವಿಸ್ಕಾನ್ಸಿನ್ನಿನ ಕ್ಲೆಲ್ಯಾಂಡ್ ಮತ್ತು ಮಿನೆಸೋಟದ ಕ್ರೀವಾಯ್ ಒಂದು ಲೇಖನದಲ್ಲಿ, ಪೆರಿ ಫ್ರೇ ಮತ್ತು ಸಂಗಡಿಗರು ಇನ್ನೊಂದರಲ್ಲಿ ಈ ವಾದ ಮಂಡಿಸಿದರು. ಕ್ರಿಯೆಯ ಅತ್ಯಂತ ಕಷ್ಟದ ಘಟ್ಟದಲ್ಲಿ ಮಾಮೂಲಿ ಬಂಧ ಬಲವಾದ ಬಂಧವಾಗಿ ಬದಲಾಗುತ್ತೆ, ಆ ಶಕ್ತಿಯೇ ಕಿಣ್ವದ ವೇಗದ ಗುಟ್ಟು ಅಂತ.

ಇಂಜಿನಿಯರಿಂಗ್ ಕಣ್ಣಿನಲ್ಲಿ ನೋಡಿದರೆ ಈ ವಾದದ ಸೆಳೆತ ಗೊತ್ತಾಗುತ್ತೆ. 25 ಡಿಗ್ರಿಯಲ್ಲಿ ತಡೆಯನ್ನು 5.7 ಕಿಲೋಜೂಲ್ ತಗ್ಗಿಸಿದರೆ ವೇಗ ಹತ್ತು ಪಟ್ಟು. 23 ಕಿಲೋಜೂಲ್ ತಗ್ಗಿಸಿದರೆ ಹತ್ತು ಸಾವಿರ ಪಟ್ಟು! ಕೀಟೋಸ್ಟಿರಾಯ್ಡ್ ಐಸೋಮರೇಸ್ ಅನ್ನೋ ಕಿಣ್ವ ತನ್ನ ಕ್ರಿಯೆಯನ್ನು ಹೆಚ್ಚೂಕಮ್ಮಿ ಹತ್ತು ಸಾವಿರ ಕೋಟಿ ಪಟ್ಟು ವೇಗ ಮಾಡುತ್ತೆ. ಒಂದೆರಡು ಬಲವಾದ ಬಂಧ ಸಿಕ್ಕರೆ ಇದರ ದೊಡ್ಡ ಪಾಲು ವಿವರಿಸಿದ ಹಾಗಾಯ್ತಲ್ಲ?

ಎದುರು ಪಂಗಡ ಒಪ್ಪಲಿಲ್ಲ. 1995ರಲ್ಲಿ ಏರಿಯೆ ವಾರ್ಶೆಲ್ ಮತ್ತು ಜೊತೆಗಾರರು ವಿರೋಧಿಸಿ ಬರೆದರು. ವಾರ್ಶೆಲ್ ಮುಂದೆ 2013ರಲ್ಲಿ ನೊಬೆಲ್ ಪಡೆದವರು. ಅವರ ಪ್ರಕಾರ ಕಿಣ್ವದ ಗುಟ್ಟು ವಿದ್ಯುತ್ ವ್ಯವಸ್ಥೆಯಲ್ಲಿದೆ: ಧನ, ಋಣ ತುದಿಗಳೆಲ್ಲ ಮೊದಲೇ ಸರಿಯಾದ ದಿಕ್ಕಿಗೆ ಮುಖ ಮಾಡಿ ಕಾಯುತ್ತಿರುತ್ತವೆ, ಪ್ರೋಟಾನ್ ಹಂಚಿಕೊಳ್ಳುವ ವಿಶೇಷ ಬಂಧದ ಅಗತ್ಯ ಇಲ್ಲ. 2006ರಲ್ಲಿ ಸ್ಟ್ಯಾನ್‌ಫರ್ಡಿನ ಹರ್ಷ್‌ಲಾಗ್ ತಂಡ ಐಸೋಮರೇಸ್ ಸಂದಿಯಲ್ಲಿ ಬಂಧಗಳನ್ನು ಸ್ವಲ್ಪ ಸ್ವಲ್ಪವೇ ಗಿಡ್ಡ ಮಾಡಿ ಅಳೆದು, ಬಂಧ ಗಿಡ್ಡವಾದರೂ ಸಿಗುವ ಶಕ್ತಿಯ ಲಾಭ ಬಹಳ ಕಡಿಮೆ ಅಂತ ತೋರಿಸಿತು. 2014ರಲ್ಲಿ ಅದೇ ಕಿಣ್ವದೊಳಗೆ ಅಗಾಧವಾದ ವಿದ್ಯುತ್ ಕ್ಷೇತ್ರ ಇದೆ ಅಂತ ಸ್ಟೀವನ್ ಬಾಕ್ಸರ್ ತಂಡ ಅಳೆದು ಹೇಳಿತು.

ಹಾಗಾದ್ರೆ ಗೆದ್ದವರು ಯಾರು? ನಮಗೆ ಅನ್ನಿಸೋದು ಇಷ್ಟು. ಕಿಣ್ವಗಳ ಸಂದಿಯಲ್ಲಿ ಗಿಡ್ಡ, ಬಲವಾದ ಬಂಧಗಳು ಇವೆ. ಆದರೆ ಬೈಫ್ಲೋರೈಡಿನಷ್ಟು ಬಲ ಅಲ್ಲೂ ಸಿಗುತ್ತೆ ಅಂತ ಹೇಳೋಕೆ ಪುರಾವೆ ಸಾಲದು. ಬಂಧ ಒಂಟಿಯಾಗಿ ಪವಾಡ ಮಾಡಲ್ಲ, ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದ ಸಂದಿಯೇ ಮುಖ್ಯ. ಮನೇಲಿ ಹುಲಿ, ಬೀದೀಲಿ ಇಲಿ ಅಂತಾರಲ್ಲ, ಹೈಡ್ರೋಜನ್ ಬಂಧಕ್ಕೆ ಅದು ಸರಿಯಾಗಿ ಹೊಂದುತ್ತೆ. ಒಳಮನೆಯಲ್ಲಿ ಹುಲಿ, ನೀರಿನ ಬೀದಿಗೆ ಬಂದರೆ ಇಲಿ. ಇಂಥ ಚರ್ಚೆಯನ್ನು ಕ್ಲಾಸಿಗೆ ತಂದರೆ ಹುಡುಗರಿಗೆ ಗೊಂದಲ ಆಗುತ್ತೆ ಅನ್ನೋರಿದ್ದಾರೆ. ನಾವು ಹೇಳೋದು, ಆಗಲಿ ಬಿಡಿ. ಎರಡು ಕಡೆ ಗಟ್ಟಿ ಪುರಾವೆ ಇಟ್ಟು ವಾದ ಮಾಡೋದು ಹೇಗೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಕಲಿಸೋ ಪಾಠ ಇನ್ನೊಂದು ಸಿಗೋದು ಕಷ್ಟ.

ನಮ್ಮ ಬೋರ್‌ವೆಲ್ಲಿನ ಮಾತು

ಈ ಪಾಠ ನಮಗೆ ಯಾಕೆ ಬೇಕು ಅನ್ನೋದಕ್ಕೆ ಈಗ ಬರೋಣ. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರುವ ಜಿಲ್ಲೆಗಳ ಪಟ್ಟಿಯಲ್ಲಿ ಚಿತ್ರದುರ್ಗವೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಒಳ್ಳೇದು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ಪರವಾಗಿಲ್ಲ ಅನ್ನುತ್ತೆ ಭಾರತೀಯ ಮಾನಕ. ನಮ್ಮ ಗ್ರಾನೈಟ್, ನೈಸ್ ಬಂಡೆಗಳ ಖನಿಜದಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತೆ. ಕ್ಯಾಲ್ಸಿಯಂ ಕಡಿಮೆ ಇದ್ದು ಬೈಕಾರ್ಬೊನೇಟ್ ಜಾಸ್ತಿ ಇರುವ ನೀರಿನಲ್ಲಿ ಇನ್ನೂ ಹೆಚ್ಚು. ಹೊಳೆ, ಕೆರೆ ನೀರಿನಲ್ಲಿ ಸಾಮಾನ್ಯವಾಗಿ ಈ ಕಾಟ ಕಡಿಮೆ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದಿದ್ದು, ಕೋಡಿ ಬಿದ್ದಿದ್ದು 1933ರಲ್ಲಿ, ಮತ್ತೆ ಬಿದ್ದಿದ್ದು 2022ರಲ್ಲಿ. ಮಧ್ಯದ 89 ವರ್ಷದಲ್ಲಿ ಎಷ್ಟು ತಲೆಮಾರು ಭೂಮಿ ಕೊರೆದು ನೀರು ಕುಡಿದಿರಬೇಕು, ಯೋಚನೆ ಮಾಡಿ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದವರು, ಮಂಡಿ, ಬೆನ್ನು ಬಗ್ಗಿಸೋಕೆ ಆಗದವರು ನಮ್ಮ ಕಡೆ ಊರುಗಳಲ್ಲಿ ಹೊಸಬರಲ್ಲ.

ಈ ವಿಷಯದಲ್ಲಿ ಮೊಬೈಲಿಗೆ ಬರೋ ಮೆಸೇಜುಗಳು ಎರಡು ಥರ. ಒಂದು, ನೀರು ಚೆನ್ನಾಗಿ ಕುದಿಸಿ ಕುಡಿದರೆ ಸಾಕು. ಇನ್ನೊಂದು, ಫ್ಲೋರೈಡ್ ದೇಹದ ಎಲ್ಲಾ ಪ್ರೋಟೀನಿನ ಹೈಡ್ರೋಜನ್ ಬಂಧ ಮುರಿದು ಹಾಕುತ್ತೆ, ಅದೇ ಎಲ್ಲ ಕಾಯಿಲೆಗೂ ಮೂಲ. ಎರಡಕ್ಕೂ ಉತ್ತರ ಕೊಡೋಕೆ ಹೈಡ್ರೋಜನ್ ಬಂಧ ಸರಿಯಾಗಿ ಗೊತ್ತಿರಬೇಕು.

ಕುದಿಸೋದು ಯಾಕೆ ಪ್ರಯೋಜನ ಇಲ್ಲ? ಫ್ಲೋರೈಡ್ ಅಯಾನು ಚಿಕ್ಕದು, ಸುತ್ತಲಿನ ನೀರಿನ ಅಣುಗಳು ಅದನ್ನು ಹೈಡ್ರೋಜನ್ ಬಂಧಗಳಿಂದ ಬಿಗಿಯಾಗಿ ಅಪ್ಪಿಕೊಂಡಿರುತ್ತವೆ. ಆ ಅಪ್ಪುಗೆಯ ಒಟ್ಟು ಶಕ್ತಿ ಮೋಲಿಗೆ 500 ಕಿಲೋಜೂಲಿನ ಆಸುಪಾಸು. ಕುದಿಸಿದರೆ ಆವಿಯಾಗೋದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನೂ ಗಾಢವಾಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಸ್ಫಟಿಕ, ಸುಣ್ಣ ಹಾಕುವ ನಲ್ಗೊಂಡ ವಿಧಾನ, ಆಕ್ಟಿವೇಟೆಡ್ ಅಲ್ಯೂಮಿನಾ, ಆರ್‌ಒ ಇವೇ ದಾರಿ. ಇಲ್ಲದಿದ್ದರೆ ಮಳೆ ನೀರು, ಕೆರೆ ನೀರು.

ಎರಡನೇ ಮೆಸೇಜಿನಲ್ಲಿ ಒಂದು ಎಳೆ ನಿಜ ಇದೆ. 1981ರಲ್ಲಿ ಲಂಡನ್ನಿನ ಜಾನ್ ಎಮ್ಸ್‌ಲಿ ತಂಡ, ಪ್ರೋಟೀನಿನ ಸರದಲ್ಲಿರುವಂಥ ಅಮೈಡ್ ಗುಂಪಿನ ಜೊತೆ ಫ್ಲೋರೈಡ್ ಬಹಳ ಬಲವಾದ ಹೈಡ್ರೋಜನ್ ಬಂಧ ಮಾಡಬಲ್ಲದು ಅಂತ ಲೆಕ್ಕ ಹಾಕಿ ತೋರಿಸಿತು. ಆದರೆ ಅದು ಸುತ್ತ ನೀರಿನ ಅಪ್ಪುಗೆ ಇಲ್ಲದ ಒಂಟಿ ಫ್ಲೋರೈಡಿನ ಲೆಕ್ಕ. ನೀರಿರುವ ಕಡೆ ಅದಕ್ಕೆ ಆಗಲೇ ಸುತ್ತ ಸಾಕಷ್ಟು ಸ್ನೇಹಿತರಿದ್ದಾರೆ, ಅವರನ್ನು ಬಿಟ್ಟು ಬಂದರೆ ಸಿಗೋ ಲಾಭ ಅಲ್ಪ. ಬಯಲಿನ ಲೆಕ್ಕವನ್ನು ಒಳಮನೆಗೆ, ಒಳಮನೆಯ ಲೆಕ್ಕವನ್ನು ಬಯಲಿಗೆ ಹಾಕಬಾರದು. ಕುಡಿಯುವ ನೀರಿನಲ್ಲಿ ಬೈಫ್ಲೋರೈಡ್ ಕೂಡ ಇರೋದಿಲ್ಲ ಅನ್ನಬಹುದು, ಅದಕ್ಕೆ ಬೇಕಾದಷ್ಟು ಆಮ್ಲ ಆ ನೀರಿನಲ್ಲಿ ಇರಲ್ಲ.

ಹಾಗಂತ ಫ್ಲೋರೈಡ್ ನಿರಪರಾಧಿಯೂ ಅಲ್ಲ. ಮೂಳೆ, ಹಲ್ಲಿನ ಖನಿಜವಾದ ಹೈಡ್ರಾಕ್ಸಿ ಅಪಟೈಟಿನಲ್ಲಿ ಅದು ಹೈಡ್ರಾಕ್ಸಿಲ್ ಜಾಗದಲ್ಲಿ ಹೋಗಿ ಕೂರುತ್ತೆ, ಪಕ್ಕದಲ್ಲಿ ಉಳಿದ ಹೈಡ್ರಾಕ್ಸಿಲ್ ಅದರ ಕಡೆ ಹೈಡ್ರೋಜನ್ ಬಂಧ ಚಾಚುತ್ತೆ. ವರ್ಷಗಟ್ಟಲೆ ಹೀಗೆ ಸೇರಿಕೊಂಡರೆ ಮೂಳೆ ಬಿರುಸಾಗಿ ರೂಪ ಕೆಡುತ್ತೆ. ಕಿಣ್ವಗಳನ್ನೂ ಅದು ತಡೆಯುತ್ತೆ. ಶುಗರ್ ಟೆಸ್ಟಿಗೆ ರಕ್ತ ತಗೊಳ್ಳುವ ಬೂದು ಮುಚ್ಚಳದ ಟ್ಯೂಬ್ ನೋಡಿದ್ದೀರಲ್ಲ, ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತೆ. ರಕ್ತಕಣಗಳು ಸಕ್ಕರೆ ತಿಂದು ಮುಗಿಸದ ಹಾಗೆ ಎನೋಲೇಸ್ ಅನ್ನೋ ಕಿಣ್ವವನ್ನು ಅದು ನಿಲ್ಲಿಸುತ್ತೆ. ಅಲ್ಲಿ ಫ್ಲೋರೈಡ್ ಮುಖ್ಯವಾಗಿ ಹಿಡಿಯೋದು ಕಿಣ್ವದ ಮೆಗ್ನೀಸಿಯಂ ಅನ್ನು, ಫಾಸ್ಫೇಟಿನ ಜೊತೆ ಸೇರಿ. ಟ್ಯೂಬಿನಲ್ಲಿರೋ ಪ್ರಮಾಣವೂ ಬೋರ್‌ವೆಲ್ ನೀರಿಗಿಂತ ನೂರಾರು ಪಟ್ಟು ಹೆಚ್ಚು. ಹೀಗೆ ಯಾವುದು ಹೈಡ್ರೋಜನ್ ಬಂಧದ ಕೆಲಸ, ಯಾವುದು ಅಲ್ಲ ಅಂತ ಬಿಡಿಸಿ ಹೇಳೋಕೆ ಬಂದರೆ ಮಾತ್ರ ಊರಲ್ಲಿ ನಮ್ಮ ಮಾತಿಗೆ ಬೆಲೆ.

ನಾವು ಕೇಳೋದು ಇಷ್ಟು

ಒಂದು, ಫ್ಲೋರೈಡ್ ಪರೀಕ್ಷೆಯನ್ನು ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಎಲ್ಲಾ ಬ್ರಾಂಚಿನವರೂ ಮಾಡಲಿ, ನಾಲ್ಕೂ ತಾಲ್ಲೂಕಿನಿಂದ ಅವರವರ ಊರಿನ ನೀರು ತಂದು. ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಇದ್ದರೆ ಒಂದು ಸ್ಯಾಂಪಲ್ಲಿಗೆ ಕೆಲವೇ ನಿಮಿಷ. ಅಳೆಯೋ ಮುಂಚೆ ಒಂದು ಬಫರ್ ಹಾಕಬೇಕು. ಯಾಕೆ ಅಂತ ಕೇಳಿದರೆ 'ಮ್ಯಾನುಯಲ್‌ನಲ್ಲಿದೆ' ಅನ್ನೋ ಉತ್ತರ ಬೇಡ. ನೀರು ಹುಳಿಯಾದರೆ ಫ್ಲೋರೈಡ್ ಪ್ರೋಟಾನನ್ನು ಹಿಡಿದು ಹೈಡ್ರೋಜನ್ ಫ್ಲೋರೈಡ್, ಬೈಫ್ಲೋರೈಡ್ ಆಗಿಬಿಡುತ್ತೆ, ಎಲೆಕ್ಟ್ರೋಡಿಗೆ ಕಾಣೋದು ಬಿಡಿ ಫ್ಲೋರೈಡ್ ಮಾತ್ರ. ಪಿಎಚ್ ಅನ್ನು 5ರ ಮೇಲೆ ಹಿಡಿದಿಡೋದೇ ಅದಕ್ಕೆ. ಬಲವಾದ ಹೈಡ್ರೋಜನ್ ಬಂಧದ ಪಾಠ ಆ ಒಂದು ಬೀಕರಿನಲ್ಲೇ ಇದೆ.

ಎರಡು, ಆ ಫಲಿತಾಂಶ ರೆಕಾರ್ಡ್ ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡು ಮುಚ್ಚಿ ಹೋಗಬಾರದು. ಕನ್ನಡದಲ್ಲಿ ಒಂದು ಪುಟ ಬರೆದು ನೀರು ಕೊಟ್ಟ ಮನೆಗೆ, ಪಂಚಾಯಿತಿಗೆ ಕೊಡೋಣ. ವಿದ್ಯಾರ್ಥಿಗಳ ಅಳತೆ ಅಂತಿಮ ಅಲ್ಲ, ಮಿತಿ ಮೀರಿದ್ದು ಕಂಡರೆ ಸರ್ಕಾರಿ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಅಂತ ಅದರಲ್ಲೇ ಬರೆಯೋಣ.

ಮೂರು, ಈ ವಿಷಯವನ್ನು ಕನ್ನಡದಲ್ಲಿ ಮಾತಾಡೋ ಜಾಗ ಬೇಕು. ಸಾಂಸ್ಕೃತಿಕ ಕನ್ನಡದ ಕ್ಲಾಸಿನಲ್ಲಿ ಸಾಹಿತ್ಯ ಇರಲಿ, ಒಂದು ದಿನ ಹೈಡ್ರೋಜನ್ ಬಂಧವೂ ಇರಲಿ. ಪದ ಇಲ್ಲ ಅನ್ನೋದು ನೆಪ. ಕಿಣ್ವ ಅನ್ನೋ ಪದ ಎಷ್ಟು ಚಿಕ್ಕದು, ಎಷ್ಟು ಚೆಂದ! ಜಲಜನಕ ಅನ್ನೋ ಪದದಲ್ಲೇ ನೀರಿದೆ. ಸಿಗದ ಕಡೆ ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಬರೆದರೆ ಯಾರ ಗಂಟೂ ಹೋಗಲ್ಲ, ಈ ಬರಹದಲ್ಲಿ ನಾವು ಮಾಡಿರೋದೂ ಅದನ್ನೇ.

ಇದರಿಂದ ಪ್ಲೇಸ್‌ಮೆಂಟಿಗೆ ಏನು ಉಪಯೋಗ ಅಂತ ಕೇಳೋ ಗೆಳೆಯರಿದ್ದಾರೆ. ನೀರಿನ ಶುದ್ಧೀಕರಣ, ಔಷಧ ವಿನ್ಯಾಸ, ಕಿಣ್ವದಿಂದ ನಡೆಯುವ ಬಯೋಸೆನ್ಸರ್, ಪ್ರೋಟೀನ್ ಮಡಿಕೆಯ ಕಂಪ್ಯೂಟರ್ ಮಾದರಿ, ಎಲ್ಲದರ ಬುಡದಲ್ಲೂ ಈ ಬಂಧ ಇದೆ ಅಂತ ಪಟ್ಟಿ ಕೊಡಬಹುದು. ಆದರೆ ನಮ್ಮ ಮುಖ್ಯ ಉತ್ತರ ಅದಲ್ಲ. ಹೊಸದುರ್ಗದ ಒಂದು ಹಳ್ಳಿಯಲ್ಲಿ ಆರ್‌ಒ ಘಟಕ ಕೆಟ್ಟು ನಿಂತಾಗ, "ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪ, ಈ ನೀರು ಕುದಿಸಿ ಕುಡಿಬಹುದಾ?" ಅಂತ ಅಜ್ಜಿಯೊಬ್ಬರು ಕೇಳಿದರೆ ಇಲ್ಲ ಅನ್ನೋಕೂ, ಯಾಕೆ ಇಲ್ಲ ಅಂತ ಅವರ ಮಾತಿನಲ್ಲೇ ಹೇಳೋಕೂ ನಮಗೆ ಬರಬೇಕು. ಮುಂದಿನ ಸೆಮಿಸ್ಟರ್ ಶುರುವಾಗೋ ಮುಂಚೆ ಊರಿಗೆ ಹೋಗುವವರು, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಚೆನ್ನಾಗಿ ತೊಳೆದು ನಿಮ್ಮ ಬೋರ್‌ವೆಲ್ ನೀರು ತುಂಬಿಕೊಂಡು ಬನ್ನಿ. ಊರಿನ ಹೆಸರು, ತಾರೀಖು ಬರೆದು ಚೀಟಿ ಅಂಟಿಸಿ. ಗಾಜಿನ ಬಾಟಲಿ ಮಾತ್ರ ಬೇಡ.